ಎಷ್ಟೊತ್ತಿಗೆ ಮುಗಿತದ?

ಬಯಲಿನಲ್ಲಿ ರಾತ್ರಿಯಿಡೀ ನಡೆಯುವ ಹಾಡಿಕೆಗೆ ಮೊದಲ ಸಲ ಬಂದವನನ್ನು ಗುರುತಿಸಲು ಕಷ್ಟಪಡಬೇಕಿಲ್ಲ. ಉಳಿದವರು ಚಾದರ ಹೊದ್ದು ನೆಲಕ್ಕೆ ಕೂತಿದ್ದರೆ ಅವನು ಇಸ್ತ್ರಿ ಮಾಡಿದ ಅಂಗಿಯಲ್ಲಿ ಕುರ್ಚಿ ಹುಡುಕುತ್ತಿರುತ್ತಾನೆ. ಬೆನ್ನಿಗಿರುವ ಬ್ಯಾಗಿನಲ್ಲಿ ಪವರ್ ಬ್ಯಾಂಕು, ಸೊಳ್ಳೆ ಮುಲಾಮು, ಎರಡು ಬಾಟಲಿ ನೀರು, ಬಿಸ್ಕೀಟು. ಮಾಘದ ಚಳಿಗೆ ಬೇಕಾದ ಕೌದಿಯೊಂದನ್ನು ಬಿಟ್ಟು ಎಲ್ಲ ಇರುತ್ತದೆ. ಸುರಪುರ ಸೀಮೆಯಲ್ಲಿ ಇವನನ್ನು ನೋಡಬೇಕೆಂದರೆ ಕೃಷ್ಣೆಯ ದಂಡೆಯ ತಿಂಥಣಿಗೆ, ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಮೌನೇಶ್ವರನ ಜಾತ್ರೆಗೆ ಹೋಗಬೇಕು. ಹಾರ್ಮೋನಿಯಂ, ತಬಲಾ, ತಾಳ, ದಮ್ಮಡಿ ಹೊತ್ತು ಭಜನೆಯವರು ಬಂದಿಳಿಯುವ ಹೊತ್ತಿಗೇ ಇವನೂ ಬಂದಿಳಿಯುತ್ತಾನೆ. ಇವನಿಗೆ ಸಂಗೀತ ತಿಳಿಯದು ಎಂದು ಹಳಬರು ಮೂಗು ಮುರಿಯುವುದುಂಟು. ಅದು ಅನ್ಯಾಯದ ಮಾತು. ತಿಳಿಯದಿರುವುದು ಯಾರ ಕಿವಿಗೂ ತೊಂದರೆ ಕೊಡುವುದಿಲ್ಲ. ತೊಂದರೆ ಕೊಡುವುದು ಇವನ ಅವಸರ.

ಆ ಅವಸರಕ್ಕೆ ಬಾಯಿ ಇದೆ, ಮತ್ತು ಅದು ಯಾವಾಗಲೂ ನಮ್ಮ ಕಿವಿಯ ಪಕ್ಕದಲ್ಲೇ ಇರುತ್ತದೆ. ತಬಲಾದವನು ಸುತ್ತಿಗೆ ಹಿಡಿದು ಶ್ರುತಿ ಕೂಡಿಸುತ್ತಿದ್ದಾಗ ‘ಯಣ್ಣಾ, ಇನ್ನಾ ಶುರು ಆಗಿಲ್ಲೇನು?’ ಎನ್ನುತ್ತಾನೆ. ಕಡಕೋಳ ಮಡಿವಾಳಪ್ಪನ ತತ್ವಪದದ ಪಲ್ಲವಿ ಮೂರನೇ ಸಲ ತಿರುಗಿ ಬಂದರೆ ‘ಇದು ಆಗಳೇ ಹಾಡಿದ್ರಲ್ಲ?’ ಎನ್ನುತ್ತಾನೆ. ಮುಮ್ಮೇಳ ಬಿಟ್ಟದ್ದನ್ನು ಹಿಮ್ಮೇಳ ಎತ್ತಿಕೊಂಡು, ಒಂದೇ ಸಾಲನ್ನು ತಿರುವಿ ತಿರುವಿ ಹಾಡಿದಾಗಲೇ ತತ್ವಪದದ ಒಳ ಅರ್ಥ ಬಿಚ್ಚಿಕೊಳ್ಳುವುದು. ಇವನ ಲೆಕ್ಕದಲ್ಲಿ ಅದು ಹಾಡುಗಾರರ ಮರೆವು. ಹನ್ನೊಂದಕ್ಕೆ ‘ಇನ್ನ ಎಷ್ಟು ಪದ ಅದಾವ?’ ಹನ್ನೆರಡಕ್ಕೆ, ಕಣ್ಣು ಮುಚ್ಚಿ ತೂಗುತ್ತಿರುವ ಪಕ್ಕದ ಮುದುಕನ ತೋಳು ಅಲುಗಿಸಿ, ‘ಕಾಕಾ, ಎಷ್ಟೊತ್ತಿಗೆ ಮುಗಿತದ?’ ಮುದುಕ ಕಣ್ಣು ತೆರೆಯದೆ ‘ಹೊತ್ತು ಹೊಂಟರ ಮುಗಿತದ ತಮ್ಮಾ’ ಎನ್ನುತ್ತಾನೆ. ಇವನು ಕೂಡಲೇ ಮೊಬೈಲು ತೆಗೆದು, ಆ ಬೆಳಕಿನಲ್ಲಿ ನಾಲ್ಕು ಜನರ ಕಣ್ಣು ಕುಕ್ಕಿಸಿ, ‘ಆರೂ ಮುಕ್ಕಾಲಕ್ಕ ಹೊಂಡತದ’ ಎಂದು ಮುದುಕನಿಗೇ ತಿಳಿಸುತ್ತಾನೆ. ಎಪ್ಪತ್ತು ವರ್ಷ ಸೂರ್ಯನನ್ನು ನೋಡಿದ ಆ ಜೀವ ಏನೂ ಅನ್ನುವುದಿಲ್ಲ. ಅನ್ನಬೇಕಾದದ್ದನ್ನೆಲ್ಲ ಸುತ್ತಲಿನವರು ಮನಸ್ಸಿನಲ್ಲೇ ಅಂದುಕೊಂಡಿರುತ್ತಾರೆ.

ಅಜ್ಞಾನವೇ ಅವಸರದ ತಾಯಿಯಲ್ಲವೇ ಎಂದು ಕೇಳಬಹುದು. ಅಲ್ಲ ಎನ್ನಲು ಪುರಾವೆ ಇದೆ. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಬಾಂಗ್ಲಾದೇಶದ ನಿರಾಶ್ರಿತರ ನೆರವಿಗಾಗಿ ನಡೆದ ಕಛೇರಿಯಲ್ಲಿ ರವಿಶಂಕರ್ ಮತ್ತು ಅಲಿ ಅಕ್ಬರ್ ಖಾನ್ ವಾದ್ಯಗಳ ಶ್ರುತಿ ಸರಿಪಡಿಸಿದ್ದಕ್ಕೇ ಸಭೆ ಚಪ್ಪಾಳೆ ತಟ್ಟಿತು. ನಗು ಬರುತ್ತದೆ, ನಿಜ. ಆದರೆ ಆ ಅಜ್ಞಾನ ಕಿವಿ ತೆರೆದು ಕೂತಿತ್ತು. ಅದರಿಂದ ಯಾರಿಗೂ ನಷ್ಟವಾಗಲಿಲ್ಲ. ನಷ್ಟವಾದದ್ದು ಅದಕ್ಕೆ ಎರಡು ವರ್ಷ ಮೊದಲು, 1969ರ ವುಡ್‌ಸ್ಟಾಕ್ ಬಯಲು ಉತ್ಸವದಲ್ಲಿ. ನಾಲ್ಕು ಲಕ್ಷಕ್ಕೂ ಮೀರಿ ನೆರೆದಿದ್ದ ಜನರಲ್ಲಿ ಬಹುಪಾಲು ಮಂದಿ ಸೋಮವಾರ ಬೆಳಿಗ್ಗೆ ಜಿಮಿ ಹೆಂಡ್ರಿಕ್ಸ್ ಗಿಟಾರ್ ಹಿಡಿಯುವ ಹೊತ್ತಿಗೆ ಹೊರಟುಹೋಗಿದ್ದರು. ನಮ್ಮಲ್ಲೂ ಅಷ್ಟೇ. ಗದಗಿನ ಭೀಮಸೇನ ಜೋಶಿಯವರು ಗುರು ಸವಾಯಿ ಗಂಧರ್ವರ ನೆನಪಿಗೆ ಪುಣೆಯಲ್ಲಿ ಬೆಳೆಸಿದ ಉತ್ಸವದಲ್ಲಿ ಅವರ ಹಾಡು ಇರುತ್ತಿದ್ದುದು ಕಟ್ಟಕಡೆಗೆ. ಬೇಗ ಎದ್ದವರಿಗೆ ದಕ್ಕಿದ್ದು ಆಟೋ ಮಾತ್ರ. ಮನೆಗೆ ಹೋಗುವ ಅವಸರ ಈಗ ಕಾನೂನಿಗೂ ಅಂಟಿದೆ: 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಮಲಗುವವರ ಹಕ್ಕು ದೊಡ್ಡದೇ, ಒಪ್ಪೋಣ. ಆದರೆ ನಸುಕಿನ ಲಲಿತ್, ಭೈರವ್ ರಾಗಗಳು ತಮ್ಮ ಹೊತ್ತಿಗೆ ವೇದಿಕೆ ಸಿಗದೆ ಅನಾಥವಾದವು. ಭಜನೆಯ ಭಾಗ್ಯವೆಂದರೆ ಅದಕ್ಕೆ ಮೈಕು ಅನಿವಾರ್ಯವಲ್ಲ. ಮೈಕು ಆರಿದ ಮೇಲೆ ಜನ ಹತ್ತಿರ ಸರಿದು ಕೂಡುತ್ತಾರೆ, ಅಸಲು ಹಾಡಿಕೆ ಆಗ ಕಳೆಗಟ್ಟುತ್ತದೆ. ಹೊಸಬ ಮಾತ್ರ ಮುಗಿಯಿತೆಂದು ಚಪ್ಪಲಿ ಹುಡುಕುತ್ತಿರುತ್ತಾನೆ.

ಹಳಬರೇನು ಸಾಚಾಗಳೇ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ನಡುರಾತ್ರಿ ಎದ್ದು ಹೋಗಿ ಮಿರ್ಚಿ ತಿಂದು ಬರುತ್ತೇವೆ, ಸುಸಲಾದ ಪೊಟ್ಟಣ ಬಿಚ್ಚಿ ಸದ್ದು ಮಾಡುತ್ತೇವೆ, ಕೂತಲ್ಲೇ ಗೊರಕೆ ಹೊಡೆಯುತ್ತೇವೆ. ನಮ್ಮಂಥ ಅರೆಬರೆ ರಸಿಕರಂತೂ ಯಾರೂ ಕೇಳದಿದ್ದರೂ ರಾಗದ ಹೆಸರು ಹೇಳುತ್ತೇವೆ. ಅದೂ ಬಹಳ ಸಲ ಬೇರೆ ರಾಗದ್ದು. ಆದರೂ ಒಂದು ಅಂತರವಿದೆ. ಹಳೇ ಕೇಳುಗ ನಿದ್ದೆಹೋದರೂ ಹಾಡಿಕೆಯ ಒಳಗೇ ಇರುತ್ತಾನೆ. ಪಲ್ಲವಿ ಬಂದಾಗ ಅವನ ಕೈ ತಾಳ ತಟ್ಟುತ್ತದೆ. ಹೊಸಬ ಎಚ್ಚರವಿದ್ದೂ ಹೊರಗಿರುತ್ತಾನೆ.

ಈಗಿನವರಿಗೆ ತಾಳ್ಮೆಯೇ ಇಲ್ಲ ಎಂಬ ಹಳೇ ಗೊಣಗಾಟಕ್ಕೆ ಉತ್ತರ ಇದೇ ಸುರಪುರ ತಾಲ್ಲೂಕಿನ ಬೋನಾಳದಲ್ಲಿದೆ. ಚಳಿಗಾಲದಲ್ಲಿ ಅಲ್ಲಿನ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಅವನ್ನು ನೋಡಲು ಬಂದ ಇದೇ ಬ್ಯಾಗಿನ ಹುಡುಗ ದುರ್ಬೀನು ಹಿಡಿದು ಗಂಟೆಗಟ್ಟಲೆ ಉಸಿರು ಬಿಗಿಹಿಡಿದು ನಿಲ್ಲುತ್ತಾನೆ. ಹಕ್ಕಿ ಎಷ್ಟೊತ್ತಿಗೆ ಹಾರುತ್ತದೆಂದು ಕಾವಲುಗಾರನನ್ನು ಪೀಡಿಸುವುದಿಲ್ಲ. ಅಂದರೆ ತಾಳ್ಮೆ ಅವನಲ್ಲಿ ಇದೆ. ಕೆರೆಯ ಬಳಿ ಸುಮ್ಮನಿರಬೇಕೆಂದು ಯಾರೋ ಹೇಳಿಕೊಟ್ಟಿದ್ದಾರೆ, ಭಜನೆಯ ಬಳಿ ಯಾರೂ ಹೇಳಿಕೊಟ್ಟಿಲ್ಲ. ಹೇಳಿಕೊಡಬೇಕಾದ ನಾವು ಮೂಗು ಮುರಿಯುವುದರಲ್ಲೇ ರಾತ್ರಿ ಕಳೆದಿದ್ದೇವೆ. ತತ್ವಪದಗಳು ಪುಸ್ತಕದಲ್ಲಿ ಅಚ್ಚಾಗಿ ಉಳಿದಾವು. ರಾತ್ರಿಯಿಡೀ ಕೇಳುವ ರೂಢಿ ಮಾತ್ರ ಒಬ್ಬರ ಪಕ್ಕ ಇನ್ನೊಬ್ಬರು ಕೂತಾಗಲೇ ದಾಟುತ್ತದೆ. ಆದ್ದರಿಂದ ಹಳಬರಲ್ಲಿ ಒಂದು ವಿನಂತಿ: ಮುಂದಿನ ಜಾತ್ರೆಯಲ್ಲಿ ಅಂಥವನೊಬ್ಬ ಪಕ್ಕಕ್ಕೆ ಬಂದರೆ ಕೌದಿಯಲ್ಲಿ ಅರ್ಧ ಕೊಡಿ, ಮೊಬೈಲು ಕಿಸೆಗೆ ಹಾಕಿಸಿ, ನಸುಕಿನವರೆಗೆ ಏಳಗೊಡಬೇಡಿ. ಮರುವರ್ಷ ಅವನು ತಾನಾಗಿಯೇ ಬರುತ್ತಾನೆ.