ಮಾತು ಹೊಡೆಯುವವರ ಇಂಗ್ಲಿಷು

ಹಳೇ ಅಮೆರಿಕನ್ ರಾಯಭಾರ ಕಚೇರಿಯ ಗೋಡೆ ತುಂಬ ಅಮೆರಿಕವನ್ನು ಬೈಯುವ ಚಿತ್ರ ಬರೆದಿಟ್ಟಿರುವ ಊರು ಟೆಹರಾನ್. ಅದೇ ಊರಿನ ವಿಶ್ವವಿದ್ಯಾಲಯದ ಮುಂದೆ ಎಂಗೆಲಾಬ್ ಅಂತೊಂದು ರಸ್ತೆಯಿದೆ. ನಮ್ಮ ‘ಇಂಕ್ವಿಲಾಬ್ ಜಿಂದಾಬಾದ್’ನ ಇಂಕ್ವಿಲಾಬೇ ಅದು, ಕ್ರಾಂತಿ ರಸ್ತೆ ಅನ್ನಿ. ಉದ್ದಕ್ಕೂ ಪುಸ್ತಕದಂಗಡಿಗಳು. ಹಾಫೆಜ್, ಸಾದಿಯಂಥ ಹಳೇ ಫಾರ್ಸಿ ಕವಿಗಳೆಲ್ಲ ಚರ್ಮದ ರಟ್ಟು ಹಾಕಿಕೊಂಡು ಕಪಾಟಿನಲ್ಲಿ ಗಂಭೀರವಾಗಿ ಕೂತಿರುತ್ತಾರೆ. ಕೈಗೆಟಕುವ ಕಡೆ ರಾಶಿ ಬಿದ್ದಿರೋದು ಮಾತ್ರ ಅಮೆರಿಕದ ಮೂವರು ಮೇಷ್ಟ್ರುಗಳು ಸೇರಿ ಬರೆದ ‘504 ಅಬ್ಸೊಲ್ಯೂಟ್ಲಿ ಎಸೆನ್ಷಿಯಲ್ ವರ್ಡ್ಸ್’. ಕ್ರಾಂತಿ ರಸ್ತೆಯಲ್ಲಿ ಈ ಪುಸ್ತಕದ್ದೇ ಒಂದು ಕ್ರಾಂತಿ.

ಇರಾನಿಗಳ ಬಾಯಲ್ಲಿ ಇದಕ್ಕೆ ಇಷ್ಟುದ್ದ ಹೆಸರಿಲ್ಲ. ‘ಪಾನ್ಸದ್-ಒ-ಚಹಾರ್’, ಐನೂರ ನಾಲ್ಕು, ಅಷ್ಟೆ. ನಮ್ಮಲ್ಲಿ ಬಸ್ಸಿನ ನಂಬರು ಹೇಳಿದರೆ ಸಾಕಲ್ಲ, ಹಾಗೆ. ‘ಐನೂರ ನಾಲ್ಕು ಮುಗೀತಾ?’ ಅಂತ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ. ಕೃತಿಸ್ವಾಮ್ಯದ ಬರ್ನ್ ಒಪ್ಪಂದಕ್ಕೆ ಇರಾನ್ ಸೇರಿಲ್ಲವಾದ್ದರಿಂದ ಹೊರದೇಶದ ಪುಸ್ತಕವನ್ನು ಯಾರು ಬೇಕಾದರೂ ಅಚ್ಚು ಹಾಕಿಕೊಳ್ಳಬಹುದು. ಹಾಕಿಯೇ ಹಾಕುತ್ತಾರೆ. ಪದದ ಪಕ್ಕ ಫಾರ್ಸಿ ಅರ್ಥ ಇರೋದು, ಪಾಠಕ್ಕೆ ಪಾಠವೇ ಅನುವಾದ ಇರೋದು, ಜೇಬಿಗೆ ಹಿಡಿಸೋದು, ಹೀಗೆ ತರಹೇವಾರಿ.

ಪುಸ್ತಕದಲ್ಲಿ 42 ಪಾಠ, ಪಾಠಕ್ಕೆ 12 ಪದ. ಗುಣಿಸಿ ನೋಡಿ, ಲೆಕ್ಕ ಸರಿಹೋಗುತ್ತದೆ. ಮೊದಲನೇ ಪಾಠದ ಮೊಟ್ಟಮೊದಲ ಪದ ಯಾವುದು ಗೊತ್ತೆ? ‘ಅಬ್ಯಾಂಡನ್’. ಅಂದರೆ ಕೈಬಿಡು. ಆರಂಭದಲ್ಲೇ ಇಂಥ ಆಶೀರ್ವಾದ ಮಾಡಿದರೆ ಶಿಷ್ಯರು ತಾನೇ ಏನು ಮಾಡಿಯಾರು? ಗುರುವಾಕ್ಯ ಪರಿಪಾಲನೆ ಮಾಡುತ್ತಾರೆ. ಪ್ರತಿ ನೊರೂಜಿಗೆ, ಅಂದರೆ ಮಾರ್ಚಿನ ಹೊಸವರ್ಷಕ್ಕೆ, ಹೊಸ ಪ್ರತಿಜ್ಞೆ ಮಾಡಿ ಪುಸ್ತಕ ತೆಗೆಯುವವರಿಗೆ ಅಬ್ಯಾಂಡನ್, ಕೀನ್, ಜೆಲಸ್ ಈ ಮೂರು ಪದ ಕಂಠಪಾಠ. ಐನೂರ ನಾಲ್ಕನೆಯದು ಯಾವುದೆಂದು ಬಲ್ಲವರನ್ನು ಹುಡುಕಬೇಕು. ಇದನ್ನು ದಾಟಿದ ಶೂರರಿಗೆ ಮುಂದಿನ ಬೆಟ್ಟ ‘1100 ವರ್ಡ್ಸ್ ಯೂ ನೀಡ್ ಟು ನೋ’. 46 ವಾರದ ವ್ರತ ಅದು. ವಾರದಲ್ಲಿ ನಾಲ್ಕು ದಿನ ಐದೈದು ಹೊಸ ಪದ, ಐದನೇ ದಿನ ಹಳೇ ಪದಗಳ ತಿಥಿ. ಮೊದಲ ದಿನವೇ ‘ವೊರೇಷಿಯಸ್’ ಬಂದು ಬಾಯಿ ತೆರೆದು ನಿಲ್ಲುತ್ತದೆ. ಹೊಟ್ಟೆಬಾಕ ಅಂತ ಅರ್ಥ.

ಮೈಸೂರಿಗೆ ಓದಲು ಬಂದಿದ್ದ ಒಬ್ಬ ಇರಾನಿ ಹುಡುಗ ನನಗೆ ಗೊತ್ತಿದ್ದ. ಅವನ ರೂಮಿನಲ್ಲಿ ಮಂಚಕ್ಕಿಂತ ಹೆಚ್ಚು ಮರ್ಯಾದೆ ಇದ್ದದ್ದು ಒಂದು ರಟ್ಟಿನ ಡಬ್ಬಿಗೆ. ‘ಜಾಬೆ ಲೈಟ್ನರ್’, ಅಂದರೆ ಲೈಟ್ನರ್ ಡಬ್ಬಿ. ಸೆಬಾಸ್ಟಿಯನ್ ಲೈಟ್ನರ್ ಎಂಬ ಜರ್ಮನ್ ಭಾಷೆಯ ಲೇಖಕರು 1972ರ ತಮ್ಮ ಪುಸ್ತಕದಲ್ಲಿ ಹೇಳಿಕೊಟ್ಟ ಉಪಾಯ ಇದು. ಇರಾನಿನಲ್ಲಿ ಅದಕ್ಕೆ ಸಿಕ್ಕಿರುವ ಭಕ್ತರನ್ನು ನೋಡಿದರೆ ಅದು ಅವರ ಶಿರಾಜ್ ಪಟ್ಟಣದಲ್ಲೇ ಹುಟ್ಟಿತೇನೋ ಅನ್ನಿಸಬೇಕು. ಡಬ್ಬಿಯೊಳಗೆ ಐದು ಖಾನೆ. ಮೊದಲನೆಯದು ಬೆರಳಗಲ, ಆಮೇಲಾಮೇಲೆ ಅಗಲವಾಗುತ್ತ ಹೋಗುತ್ತವೆ. ಚೀಟಿಯ ಒಂದು ಮುಖದಲ್ಲಿ ಇಂಗ್ಲಿಷ್ ಪದ, ಬೆನ್ನಿಗೆ ಫಾರ್ಸಿ ಅರ್ಥ. ಅರ್ಥ ಸರಿಯಾಗಿ ಹೇಳಿದರೆ ಚೀಟಿ ಮುಂದಿನ ಖಾನೆಗೆ ಪಾಸು. ತಪ್ಪಿದರೆ ನಾಲ್ಕನೇ ಖಾನೆಯಲ್ಲಿದ್ದದ್ದೂ ಸೀದಾ ಒಂದನೆಯದಕ್ಕೆ ವಾಪಸು. ಹುಡುಗನ ಡಬ್ಬಿಯಲ್ಲಿ ‘ಅಬ್ಸೀಕ್ವಿಯಸ್’ ಅನ್ನುವ ಒಂದು ಚೀಟಿ ಮೂಲೆ ಮಡಚಿ, ಕೈಬೆವರಿಗೆ ಬಣ್ಣಗೆಟ್ಟು, ಮೊದಲ ಖಾನೆಯಲ್ಲೇ ಠಿಕಾಣಿ ಹೂಡಿತ್ತು. ಹಲ್ಲುಗಿಂಜುವ ಚಮಚಾ ಅಂತ ಅದರ ಅರ್ಥ. ‘ಇಂಥವರು ನಮ್ಮ ಆಫೀಸುಗಳಲ್ಲಿ ಬೇಗ ಪ್ರಮೋಷನ್ ತಗೋತಾರಲ್ಲಪ್ಪ, ನಿನ್ನ ಡಬ್ಬಿಯಲ್ಲೇನು ಹೀಗೆ?’ ಅಂದೆ. ಅವನು ನಗಲಿಲ್ಲ. ಪದ ಕಲಿಯುವವರು ಕಲಿಯುವ ಹೊತ್ತಿನಲ್ಲಿ ನಗುವುದಿಲ್ಲ.

ಡಬ್ಬಿಯಿಂದಲೂ ಆಗದಿದ್ದವರಿಗೆ ‘ಕೋಡಿಂಗ್’ ಇದೆ. ಕಂಪ್ಯೂಟರಿನ ಕೋಡಿಂಗ್ ಅಲ್ಲ ಸ್ವಾಮಿ, ಇಂಗ್ಲಿಷ್ ಪದದ ಸದ್ದಿಗೆ ಫಾರ್ಸಿ ಪದವನ್ನು ಗಂಟು ಹಾಕುವ ವಿದ್ಯೆ. ಇದಕ್ಕೂ ಪುಸ್ತಕಗಳಿವೆ. ಅಂಥದ್ದೊಂದನ್ನು ನಾನೂ ಕಟ್ಟಬಲ್ಲೆ. ಫಾರ್ಸಿಯಲ್ಲಿ ‘ಕೀನ್’ ಅಂದರೆ ಹಗೆ. ಹಗೆ ಇದ್ದವನು ಚಾಕು ಮಸೆಯುತ್ತಾನೆ, ಮಸೆದ ಚಾಕು ಚೂಪು, ಆದ್ದರಿಂದ ಇಂಗ್ಲಿಷಿನ ಕೀನ್ ಅಂದರೆ ಚೂಪು. ಮುಗೀತು! ಪರೀಕ್ಷೆಯಲ್ಲಿ ಹಗೆ, ಚಾಕು, ರಕ್ತಪಾತ ಎಲ್ಲ ನೆನಪಾಗಿ ಅರ್ಥವೊಂದು ಮರೆತುಹೋದರೆ ಕಂಪನಿ ಜವಾಬ್ದಾರಿಯಲ್ಲ.

ಇನ್ನು ಓದುವ ಪಾಡು. ಫಾರ್ಸಿ ಬರವಣಿಗೆಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದೇ ಇಲ್ಲ. ಕ-ರ-ಮ ಅಂತ ಮೂರು ಅಕ್ಷರ ಇಟ್ಟುಬಿಡುತ್ತಾರೆ. ಅದು ‘ಕೆರ್ಮ್’ ಎಂಬ ಹುಳವೋ, ‘ಕೆರೆಮ್’ ಎಂಬ ಮುಖಕ್ಕೆ ಹಚ್ಚುವ ಕ್ರೀಮೋ, ‘ಕರಮ್’ ಎಂಬ ಔದಾರ್ಯವೋ, ಓದುಗರು ಸಂದರ್ಭ ನೋಡಿಕೊಂಡು ತೀರ್ಮಾನಿಸಬೇಕು. ಹೀಗೆ ಊಹಿಸಿ ಓದುವುದರಲ್ಲಿ ಪಳಗಿದವರಿಗೆ ಸ್ವರಗಳನ್ನೆಲ್ಲ ಬರೆದೂ ಸುಳ್ಳು ಹೇಳುವ ಇಂಗ್ಲಿಷ್ ಸ್ಪೆಲ್ಲಿಂಗ್ ಎದುರಾದರೆ? ಬರೆದಂತೆ ಓದುವ ನಮಗೇ ಅದು ಅಜ್ಜಿ ನೆನಪು ತರಿಸುತ್ತದೆ. ಅವರು ಪಾಪ, ಇನ್ನೊಂದು ಊಹೆ ಅಂತ ಮುಂದೆ ಹೋಗುತ್ತಾರೆ. ಪದದ ಮೊದಲಿಗೇ ಒತ್ತಕ್ಷರ ಬಂದರೆ ಮಾತ್ರ ಅವರ ನಾಲಗೆ ಮುಂದೆ ಹೋಗುವುದಿಲ್ಲ. ಸ್ಕೂಲು ‘ಎಸ್ಕೂಲ್’ ಆಗುತ್ತದೆ. ನಗಬೇಡಿ. ಇಸ್ಕೂಲಿಗೆ ಹೋಗಿ ಇಸ್ಟೇಷನ್ನಿನಲ್ಲಿ ಇಳಿದು ಬಂದವರು ನಾವು.

ಇಷ್ಟೆಲ್ಲ ಯಾಕೆ ಅಂತೀರಾ? ಒಂದು, ಪರೀಕ್ಷೆ. ‘ಕೊನ್ಕೂರ್’ ಎಂಬ ಪ್ರವೇಶ ಪರೀಕ್ಷೆ ಇದೆ, ಮನೆ ಮಂದಿಯ ನಿದ್ದೆ ಕೆಡಿಸುವುದರಲ್ಲಿ ನಮ್ಮ ಸಿಇಟಿಯ ಅಣ್ಣ. ಆಮೇಲೆ ಹೊರದೇಶಕ್ಕೆ ಓದಲು ಹೋಗುವವರಿಗೆ ಐಇಎಲ್‌ಟಿಎಸ್, ಟೋಫೆಲ್, ಜಿಆರ್‌ಇ. ಜಿಆರ್‌ಇಯವರು 2011ರಲ್ಲೇ ವಿರುದ್ಧಪದ ಗಿರುದ್ಧಪದಗಳ ಪ್ರಶ್ನೆಗಳನ್ನು ಕಿತ್ತುಹಾಕಿದರು. ಆದರೂ ಪದಪಟ್ಟಿ ಉರುಹೊಡೆಯುವವರ ಹಟ ಇಳಿದಿಲ್ಲ. ಇನ್ನೊಂದು ಕಾರಣ, ಬಿಲ್ಡಪ್ಪು. ಬಿಲ್ಡಪ್ ಕೊಡೋದಕ್ಕೆ ಫಾರ್ಸಿಯಲ್ಲಿ ‘ಕೆಲಾಸ್ ಗೊಜಾಶ್ತನ್’ ಅಂತಾರೆ, ಕ್ಲಾಸ್ ಇಡೋದು. ಟೆಹರಾನಿನ ಕೆಫೆಯಲ್ಲಿ ಕೂತು ಮಾತಿನ ನಡುವೆ ಒಂದು ‘ಯುಬಿಕ್ವಿಟಸ್’ ಉದುರಿಸಿದರೆ ಪಕ್ಕದ ಟೇಬಲ್ಲಿನವರು ತಿರುಗಿ ನೋಡಬೇಕು, ಅದು ಕ್ಲಾಸು. ಪ್ಯಾರಡೈಸ್, ಪೈಜಾಮಗಳೆಲ್ಲ ಮೂಲದಲ್ಲಿ ನಮ್ಮದೇ ಎಂದು ಎದೆ ತಟ್ಟಿಕೊಳ್ಳುವವರೂ ಇದ್ದಾರೆ. ಇರಬಹುದು ಸ್ವಾಮಿ. ಆದರೆ ಪರೀಕ್ಷೆಯಲ್ಲಿ ಪೈಜಾಮದ ಅರ್ಥ ಯಾರೂ ಕೇಳುವುದಿಲ್ಲ.

ಟೆಹರಾನಿನಲ್ಲಿ ಅಮೆರಿಕದ ರಾಯಭಾರ ಕಚೇರಿ ಇಲ್ಲವಲ್ಲ, ವೀಸಾ ಸಂದರ್ಶನಕ್ಕೆ ಬಹಳ ಕಾಲ ಅಂಕಾರಾಕ್ಕೋ ಯೆರೆವಾನಿಗೋ ಹೋಗಬೇಕಾಗಿತ್ತು. ಕಲ್ಪಿಸಿಕೊಳ್ಳಿ. ದಾರಿಯುದ್ದಕ್ಕೂ 1100 ಪದ ಮೆಲುಕು ಹಾಕುತ್ತ ಬಂದ ವಿದ್ಯಾರ್ಥಿ ಗಾಜಿನ ಕಿಟಕಿಯ ಮುಂದೆ ನಿಂತಿದ್ದಾನೆ. ಎಮಿನೆಂಟ್, ರಿಪ್ಲೀಟ್ ಎಲ್ಲ ತುಟಿಯ ತುದಿಯಲ್ಲಿ. ಆಚೆಯಿಂದ ಅಧಿಕಾರಿ ಕೇಳುತ್ತಾನೆ: ‘ವಾಟ್ ಬ್ರಿಂಗ್ಸ್ ಯೂ ಹಿಯರ್?’ ವಿದ್ಯಾರ್ಥಿ ಅಂಜುತ್ತ ಹೇಳುತ್ತಾನೆ: ‘ಬಸ್, ಸಾರ್.’

ಮೂರು ಮಹಡಿಯ ಪದ ಹತ್ತಿದವರನ್ನು ಹೊಸಿಲಿನಂಥ ಪದವೇ ಎಡವಿಸುತ್ತದೆ. ಫಾರ್ಸಿಯವರಿಗೆ ಕ್ರಿಯಾಪದಗಳ ವಿಷಯದಲ್ಲಿ ಬೇರೆ ಹುಟ್ಟಾ ಜಿಪುಣತನ. ಇರುವ ನಾಲ್ಕೈದರಲ್ಲೇ ಸಂಸಾರ ತೂಗಿಸುತ್ತಾರೆ, ಮುಖ್ಯವಾಗಿ ತಿನ್ನೋದು ಮತ್ತು ಹೊಡೆಯೋದು. ನೆಗಡಿಯಾದರೆ ಚಳಿ ತಿನ್ನುತ್ತಾರೆ. ಮುಗ್ಗರಿಸಿದರೆ ನೆಲ ತಿನ್ನುತ್ತಾರೆ. ಕೊರಗುವಾಗ ದುಃಖ ತಿನ್ನುತ್ತಾರೆ. ಫೋನು ಮಾಡುವಾಗ ಗಂಟೆ ಹೊಡೆಯುತ್ತಾರೆ, ಹಲ್ಲುಜ್ಜುವಾಗ ಬ್ರಷ್ಷು ಹೊಡೆಯುತ್ತಾರೆ, ತಲೆ ಬಾಚುವಾಗ ಬಾಚಣಿಗೆ ಹೊಡೆಯುತ್ತಾರೆ. ಮಾತಾಡೋದು ಅಂದರೆ ‘ಹರ್ಫ್ ಜದನ್’, ಮಾತು ಹೊಡೆಯೋದು. ಇದನ್ನು ಇಂಗ್ಲಿಷಿನವರು ಕೇಳಿದರೆ ಪೊಲೀಸರಿಗೆ ಫೋನು ಮಾಡಿಯಾರು. ಕನ್ನಡದವರು? ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಗೊರಕೆ ಹೊಡೆದು, ಡೈಲಾಗು ಹೊಡೆದು, ಗೋಡೆಗೆ ಸುಣ್ಣ ಹೊಡೆದು, ಪೆಟ್ಟು ತಿಂದು, ಲಂಚ ತಿಂದು, ಪಕ್ಕದವರ ತಲೆ ತಿಂದು, ಸಾಯಂಕಾಲ ಜಗಲಿಯಲ್ಲಿ ಹರಟೆ ಹೊಡೆಯುವ ಜನಕ್ಕೆ ಇದೇನು ಹೊಸದೆ? ಈ ಲೇಖನವನ್ನೂ ನಾನು ಹೊಡೆಯುತ್ತಲೇ ಇದ್ದೇನೆ.

ಇರಾನಿನ ಅಬಾದಾನಿನಲ್ಲಿ ಹುಟ್ಟಿ ಎಳವೆಯಲ್ಲೇ ಕ್ಯಾಲಿಫೋರ್ನಿಯಾಕ್ಕೆ ಹೋದ ಫಿರೂಜೆ ಡೂಮಾ ಎಂಬ ಲೇಖಕಿ 2003ರಲ್ಲಿ ‘ಫನ್ನಿ ಇನ್ ಫಾರ್ಸಿ’ ಅಂತೊಂದು ಪುಸ್ತಕ ಬರೆದರು. ಅದರಲ್ಲಿ ಅವರಪ್ಪನ ಇಂಗ್ಲಿಷಿನ ಪ್ರಸಂಗಗಳಿವೆ. ಅಪ್ಪ ಅಮೆರಿಕದಲ್ಲೇ ಓದಿದ್ದ ಇಂಜಿನಿಯರು. ಯಾರೋ ‘ಎಲ್ಬೋ ಗ್ರೀಸ್ ಹಾಕಿ’ ಅಂದರು. ರಟ್ಟೆ ಮುರಿದು ತಿಕ್ಕಿ ಅಂತ ಅದರ ಅರ್ಥ. ಮನೆಯವರು ಆ ಗ್ರೀಸನ್ನು ಕೊಳ್ಳಲು ಹಾರ್ಡ್‌ವೇರ್ ಅಂಗಡಿಗೆ ಹೋದರು. ಎಲ್ಬೋ ಗೊತ್ತು, ಗ್ರೀಸು ಇಂಜಿನಿಯರಿಗೆ ಗೊತ್ತಿಲ್ಲದೆ ಇದ್ದೀತೆ? ಎರಡೂ ಗೊತ್ತಿದ್ದುದೇ ಕಷ್ಟಕ್ಕೆ ಬಂತು.

ಇಷ್ಟು ಕಾಲೆಳೆದ ಮೇಲೆ ಅವರ ಪರವಾಗಿಯೂ ಒಂದು ಮಾತು ಹೊಡೆಯಬೇಕು. ಇರಾನಿಗಳು ದಪ್ಪದಪ್ಪ ಪದಗಳ ಹಿಂದೆ ಬೀಳುವುದಕ್ಕೆ ಪರೀಕ್ಷೆ, ಬಿಲ್ಡಪ್ಪುಗಳಾಚೆ ಇನ್ನೊಂದು ಕಾರಣವಿದೆ ಅಂತ ನನ್ನ ಅನುಮಾನ. ಅವರಿಗೆ ಬರೀ ಮಾತು ಆಡಿ ಅಭ್ಯಾಸವಿಲ್ಲ. ‘ತಾರೋಫ್’ ಎನ್ನುವ ಉಪಚಾರದ ಮಾತಿನಲ್ಲಿ ಬೆಳೆದವರು. ಟ್ಯಾಕ್ಸಿಯವನಿಗೆ ಎಷ್ಟಾಯಿತು ಅಂದರೆ ‘ನಿಮ್ಮ ಮುಂದೆ ಇದಕ್ಕೆ ಬೆಲೆಯೇ ಇಲ್ಲ’ ಅನ್ನುತ್ತಾನೆ. ನಂಬಿ ಇಳಿದು ಹೋದೀರಿ ಜೋಕೆ! ನೀವು ಮತ್ತೆ ಕೇಳಬೇಕು, ಅವನು ಮತ್ತೆ ಬೇಡವೆನ್ನಬೇಕು, ಕಡೆಗೆ ಪೂರ್ತಿ ದುಡ್ಡು ಎಣಿಸಿ ಕೊಡಬೇಕು. ಕೆಲಸ ಮಾಡಿಕೊಟ್ಟವರಿಗೆ ‘ನಿಮ್ಮ ಕೈ ನೋಯದಿರಲಿ’. ಪ್ರೀತಿ ಉಕ್ಕಿದರೆ ‘ನಿನಗೆ ಬಲಿಯಾಗುತ್ತೇನೆ’, ಇನ್ನೂ ಉಕ್ಕಿದರೆ ‘ನಿನ್ನ ಪಿತ್ತಜನಕಾಂಗ ತಿನ್ನುತ್ತೇನೆ’. ಮುದ್ದು ಮಗುವಿಗೆ ‘ಇಲಿ ನಿನ್ನ ತಿನ್ನ!’. ಸಂತೋಷದ ಗಳಿಗೆಯಲ್ಲಿ ನೀವಿರಲಿಲ್ಲ ಅನ್ನಬೇಕಾದರೆ ‘ನಿಮ್ಮ ಜಾಗ ಖಾಲಿಯಿತ್ತು’.

ಮೈಸೂರಿನ ಆ ಹುಡುಗ ಊಟಿಗೆ ಹೋಗಿ ಬಂದವನು ಮನೆ ಓನರಮ್ಮನಿಗೆ ಭಕ್ತಿಯಿಂದ ‘ಆಂಟಿ, ಯುವರ್ ಪ್ಲೇಸ್ ವಾಸ್ ಎಂಪ್ಟಿ’ ಅಂದ.

‘ಅಯ್ಯೋ, ಬಸ್ಸಲ್ಲಿ ಸೀಟು ಖಾಲಿ ಇತ್ತೇನಪ್ಪ? ಮೊದಲೇ ಹೇಳಬಾರದಿತ್ತಾ, ನಾನೂ ಬರ್ತಿದ್ದೆ’ ಅಂದರು ಅವರು.

ಇಂಥ ಭಾಷೆಯಿಂದ ಬಂದವರಿಗೆ ‘ಹಾಯ್, ಪ್ಲೀಸ್ ಸೆಂಡ್’ ಅನ್ನುವ ಇಂಗ್ಲಿಷು ಬರಿಗೈಯಲ್ಲಿ ನೆಂಟರ ಮನೆಗೆ ಹೋದ ಹಾಗೆ ಅನ್ನಿಸದೆ ಇದ್ದೀತೆ? ಅವರ ಪತ್ರ ಶುರುವಾಗುವುದೇ ‘ಸಲಾಮು ಮತ್ತು ಗೌರವದೊಂದಿಗೆ’, ಮುಗಿಯುವುದು ‘ಗೌರವವನ್ನು ನವೀಕರಿಸುತ್ತ’. ನಡುವೆ ಎರಡು ಸಾಲಿನಲ್ಲಿ ವಿಷಯ ಎಷ್ಟು ತೆಳ್ಳಗಿದ್ದರೂ ನಡೆಯುತ್ತದೆ. ಇದನ್ನು ಇಂಗ್ಲಿಷಿಗೆ ಹೊರಳಿಸಲು ಹೋದರೆ ಪ್ರೊಫೆಸರು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಚಿಕ್ಕ ಪದ ಬಳಸು, ನೇರವಾಗಿ ಬರೆ ಅನ್ನುತ್ತಾರೆ. ನೇರ ಅನ್ನೋದು ಟೆಹರಾನಿನಲ್ಲಿ ಮರ್ಯಾದೆಯೋ ಉದ್ಧಟತನವೋ ಅಂತ ಪ್ರೊಫೆಸರಿಗೇನು ಗೊತ್ತು? ‘ತೀರ್ಥರೂಪು ತಂದೆಯವರಿಗೆ ಸಾಷ್ಟಾಂಗ ನಮಸ್ಕಾರಗಳು, ಉಭಯಕುಶಲೋಪರಿ’ ಎಂದು ಅರ್ಧ ಕಾರ್ಡು ತುಂಬಿಸಿ, ಕೊನೆಯ ಅಂಗುಲದಲ್ಲಿ ‘ದುಡ್ಡು ಕಳಿಸಿ’ ಅಂತ ಬರೆದ ಹಾಸ್ಟೆಲ್ ಹುಡುಗರ ವಂಶಸ್ಥನಾಗಿ ನಾನು ಇರಾನಿಗಳ ಕಡೆಗೇ ವೋಟು ಹಾಕುತ್ತೇನೆ. ಆ ಪ್ಲೆನಿಪೊಟೆನ್ಷಿಯರಿ, ಮ್ಯಾಗ್ನಾನಿಮಸ್‌ಗಳು ಇರಲಿ ಬಿಡಿ. ಇಂಗ್ಲಿಷಿನ ಮೈಮೇಲೆ ನಾಲ್ಕು ಒಡವೆ ಇದ್ದರೆ ಯಾರ ಗಂಟು ಹೋಗುತ್ತದೆ?

ಗಡಿಬಿಡಿ ಇಲ್ಲದವರಿಗೆ ಇಂಗ್ಲಿಷ್ ಕಲಿಯುವ ನಿಧಾನದ ದಾರಿಯೂ ಉಂಟು. ಶಿರಾಜಿನಿಂದ ಬೆಂಗಳೂರಿಗೆ ಕುದುರೆ ಮಾರಲು ಬಂದ ಆಗಾ ಅಲಿ ಅಸ್ಕರ್ ಇಲ್ಲೇ ನೆಲೆ ನಿಂತರು. ಅವರ ಹೆಸರಿನ ರಸ್ತೆ ಇವತ್ತಿಗೂ ಇದೆ. ಮೊಮ್ಮಗ ಸರ್ ಮಿರ್ಜಾ ಇಸ್ಮಾಯಿಲ್ 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದರು, 1954ರಲ್ಲಿ ‘ಮೈ ಪಬ್ಲಿಕ್ ಲೈಫ್’ ಅಂತ ಸೊಗಸಾಗಿ ಇಂಗ್ಲಿಷಿನಲ್ಲೇ ಆತ್ಮಕಥೆ ಬರೆದರು. ಐನೂರ ನಾಲ್ಕೂ ಇಲ್ಲ, ಡಬ್ಬಿಯೂ ಇಲ್ಲ. ಮೂರು ತಲೆಮಾರು ಕಾಯುವ ಪುರಸೊತ್ತು ಇರಬೇಕು, ಅಷ್ಟೆ.

ನಾವಾದರೂ ಫಾರ್ಸಿ ಕಲಿತದ್ದು ಹೇಗೆ? ಸರ್ಕಾರ, ಜಮೀನು, ಗುಮಾಸ್ತ, ದಸ್ತಾವೇಜು, ಬಂದೋಬಸ್ತು, ಇವೆಲ್ಲ ಆ ದಾರಿಯಲ್ಲೇ ಬಂದ ಸರಕು. ಚೀಟಿ ಬರೆದು ಯಾರಾದರೂ ಉರುಹೊಡೆದರೇ? ಇಲ್ಲ. ಅಜ್ಜನ ಕಾಲದ ಎರಡು ಎಕರೆಗೆ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಅಲೆದೆವು, ತಹಶೀಲ್ದಾರರು ನಾಳೆ ಬಾ ಅಂದರು, ನಾಳೆ ಹೋದೆವು, ಪದಗಳು ತಾವಾಗಿ ನಾಲಗೆಗೆ ಅಂಟಿಕೊಂಡವು. ಮೈಸೂರಿನ ಆ ಹುಡುಗನನ್ನು ಒಂದು ದಿನ ಅಲ್ಲಿಗೆ ಕರೆದುಕೊಂಡು ಹೋಗಬೇಕಿತ್ತು. ಗೋಡೆ ಮೇಲಿನ ಫಲಕಗಳನ್ನು ಓದಿ ಹೇಳಿದ್ದರೆ ಸಾಕು, ಎಷ್ಟೋ ಪದ ಅವನಿಗೆ ಯಾರೂ ಬಿಡಿಸಿ ಹೇಳದೆಯೇ ತಿಳಿಯುತ್ತಿದ್ದವು. ಕೆಲಸ ಆಗುತ್ತಿತ್ತು ಅಂತ ಮಾತ್ರ ನಾನು ಗ್ಯಾರಂಟಿ ಕೊಡಲಾರೆ.