ಗೋಪಾಳದಲ್ಲೊಂದು ಅಪ್‌ಗ್ರೇಡು

(ಗೋಪಾಳದ ಒಂದು ಮನೆ. ಭದ್ರಾವತಿಯ ವಿಐಎಸ್‌ಎಲ್‌ನಿಂದ ನಿವೃತ್ತರಾದ ರಾಯರು, ಪತ್ನಿ ಪದ್ಮಮ್ಮ. ಬಾಯಲ್ಲಿ ಪೆನ್‌ಡ್ರೈವ್ ಮುಚ್ಚಳ ಕಚ್ಚಿಕೊಂಡ ಕಂಪ್ಯೂಟರ್ ಹುಡುಗ.)

ಹುಡುಗ: ವಿಂಡೋಸ್ 10 ಸಾರ್ ಇದು. 2025ರ ಅಕ್ಟೋಬರ್ 14ಕ್ಕೇ ಸಪೋರ್ಟ್ ನಿಂತೋಯ್ತು.

ರಾಯರು: ಚೆನ್ನಾಗೇ ಓಡ್ತಿದೆಯಲ್ಲಪ್ಪ?

ಹುಡುಗ: ಓಡ್ತಿದೆ ಸಾರ್. ಆದ್ರೆ ಓಡಬಾರ್ದು.

ರಾಯರು: ನಮ್ಮ ಕಾರ್ಖಾನೆಗೂ ಹಿಂಗೇ ಅಂದ್ರು.

ಹುಡುಗ: 11 ಹಾಕೋಣ ಅಂದ್ರೆ ಟಿಪಿಎಂ 2.0 ಚಿಪ್ಪಿಲ್ಲ. ಹೊಸಾ ಮೆಷಿನ್ನೇ ತಗೋಬೇಕು.

ಪದ್ಮಮ್ಮ: ತಗೊಂಡ್ರೆ ಚಿಪ್ಪು ಬರುತ್ತಾ?

ಹುಡುಗ: ಗ್ಯಾರಂಟಿ ಅಮ್ಮ.

ಪದ್ಮಮ್ಮ: ಇವರ ಪೆನ್ಷನ್ ನೋಡಿದ್ರೆ ನಂಗೂ ಹಂಗೇ ಅನ್ಸುತ್ತೆ. ಸೀದಾ ಕೈಗೇ ಬರುತ್ತೆ.

ರಾಯರು: ಅದೇನ್ ಮಾಡುತ್ತಪ್ಪ?

ಹುಡುಗ: ಗುಟ್ಟು ಕಾಯುತ್ತೆ ಸಾರ್.

ರಾಯರು: ಇರೋದು ನಮ್ಮ ಮದುವೆ ಫೋಟೋ, ಮೊಮ್ಮಗನ ನಾಮಕರಣದ ಫೋಟೋ. ಅದನ್ನೂ ಇವಳು ವಾಟ್ಸಾಪಲ್ಲಿ ಊರಿಗೆಲ್ಲಾ ಹಂಚಿದಾಳೆ.

ಹುಡುಗ: ಅಯ್ಯೋ, ಫೋಟೋಗೆ ಪಿಕಾಸಾನಾ! 2016ರಲ್ಲೇ ನಿಲ್ಲಿಸಿದ್ರಲ್ಲ ಸಾರ್.

ಪದ್ಮಮ್ಮ: ಪಾಪ, ಅದಕ್ಯಾರೂ ಹೇಳಿಲ್ಲ ಅನ್ಸುತ್ತೆ. ಇನ್ನೂ ಕೆಲಸ ಮಾಡ್ತಿದೆ.

ಹುಡುಗ: ಗೂಗಲ್ ಫೋಟೋಸ್‌ಗೆ ಹಾಕ್ಬಿಡ್ತೀನಿ. ಎಲ್ಲಾ ಕ್ಲೌಡಲ್ಲಿ. 15 ಜಿಬಿ ಪುಕ್ಕಟೆ, ತುಂಬಿದ್ಮೇಲೆ ದುಡ್ಡು.

ಪದ್ಮಮ್ಮ: ಪಿಕಾಸಾನೂ ಹೋಯ್ತು, ಕಾಸೂ ಹೋಯ್ತು!

ರಾಯರು: ಮೋಡಕ್ಕೆ ಬಾಡಿಗೆನೇನೋ? ಆಗುಂಬೆಯವರು ಸುಮ್ನೆ ನೆನೀತಾ ಕೂತಿದಾರೆ!

ಹುಡುಗ: ಮುಖಾನೂ ಗುರುತು ಹಿಡಿಯುತ್ತೆ ಸಾರ್. ನೋಡಿ, ಕೇಳ್ತಿದೆ: ಮದುವೆ ಫೋಟೋದಲ್ಲಿರೋ ನೀವೂ ನಾಮಕರಣದ ಫೋಟೋದಲ್ಲಿರೋ ನೀವೂ ಒಬ್ಬರೇನಾ ಅಂತ.

ಪದ್ಮಮ್ಮ: ಬುದ್ಧಿವಂತ ಕಣೋ ಇದು! ನಂಗೆ ಬಂದಿದ್ದ ಅನುಮಾನ ಇದಕ್ಕೂ ಬಂತಲ್ಲ. ‘ಅಲ್ಲ’ ಅಂತ ಒತ್ತು.