ಚಾಪಿ ಸರ್

ಬೆಳಗಿನ ಜಾವ ಕೊಪ್ಪಳದ ಬೀದಿನಾಯಿಗಳಿಗೆ ಹಾಲಿನವನು, ಪೇಪರ್ ಹುಡುಗ ಇಬ್ಬರೂ ಪರಿಚಯ. ಮೂರನೆಯ ಆಸಾಮಿಯನ್ನು ಕಂಡರೆ ಮಾತ್ರ ಇನ್ನೂ ಬೊಗಳುತ್ತವೆ. ಬಿಳಿ ಕುರ್ತಾ, ಕೊರಳಲ್ಲಿ ಸೀಟಿ, ಸ್ಪ್ಲೆಂಡರ್ ಗಾಡಿಯ ಹಿಂದೆ ಸುರುಳಿ ಸುತ್ತಿ ಹಗ್ಗ ಬಿಗಿದ ಮ್ಯಾಟುಗಳ ಹೊರೆ. ಇವರೇ ನಮ್ಮ ಯೋಗ ಸರ್. ಯಲಬುರ್ಗಾ ದಾರಿಯಲ್ಲಿ ಹೊಲಕ್ಕೆ ಹೊರಟವರು ಕೈ ಅಡ್ಡ ಮಾಡಿ ಗಾಡಿ ನಿಲ್ಲಿಸಿ, “ಚಾಪಿ ಎಷ್ಟರಂಗ ಕೊಟ್ರಿ?” ಎನ್ನುತ್ತಾರೆ.

“ಮಾರಾಕಲ್ರೀ. ಇದರ ಮ್ಯಾಲೆ ಯೋಗ ಕಲಸ್ತೀನಿ. ಮೊದಲ ಪಾಠ ಶವಾಸನ, ಅಂಗಾತ ಮಲಗೋದು.”

“ಮಕ್ಕೊಳ್ಳಾಕೂ ಮಾಸ್ತರ ಬೇಕಾತೇನ್ರಿ ಈಗ?”

ಹೀಗಾಗಿ ಊರೂರಲ್ಲಿ ಅವರ ಹೆಸರು ಚಾಪಿ ಸರ್ ಎಂದೇ ನಿಂತಿದೆ.

ಮೊದಲು ಈ ಕೆಲಸ ಶಾಲೆಯ ಪಿ.ಟಿ. ಮಾಸ್ತರರದು. ವಿಶ್ವಸಂಸ್ಥೆ 2014ರ ಡಿಸೆಂಬರಿನಲ್ಲಿ ಜೂನ್ 21ನ್ನು ಯೋಗ ದಿನ ಎಂದು ಸಾರಿತು, ಮರುವರ್ಷವೇ ಆಚರಣೆ ಶುರುವಾಯಿತು. ಆಮೇಲೆ ಚಾಪಿ ಸರ್ ಸಂತತಿ ತಾಲ್ಲೂಕಿಗೆ ನಾಲ್ಕರಂತೆ ಹೆಚ್ಚಿತು. ನಮ್ಮಲ್ಲಿ ನೆಲ ಅದಕ್ಕೂ ಮೊದಲೇ ಹದವಾಗಿತ್ತು. 1997ರಲ್ಲಿ ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾಯಿತು. ಜಿಲ್ಲೆಯ ಹಿಂದೆ ಕಚೇರಿಗಳು ಬಂದವು, ಕಚೇರಿಗಳ ಹಿಂದೆ ಕುರ್ಚಿಗಳು, ಕುರ್ಚಿಗಳ ಹಿಂದೆ ಸೊಂಟನೋವು.

ಕೊಪ್ಪಳದ ಬ್ಯಾಚಿನಲ್ಲಿ ನೌಕರರೇ ಜಾಸ್ತಿ. ಪ್ರಾಣಾಯಾಮದಲ್ಲಿ ಅವರಿಗೆ ಪೂರಕ ಬರುತ್ತದೆ, ಅಂದರೆ ಒಳಗೆ ಎಳೆದುಕೊಳ್ಳುವುದು. ಕುಂಭಕವಂತೂ ಕೇಳುವುದೇ ಬೇಡ. ಬಂದದ್ದನ್ನು ಅಲ್ಲೇ ತಡೆಹಿಡಿದು ಕೂರುವುದರಲ್ಲಿ ಅವರಿಗೆ ಇಪ್ಪತ್ತು ವರ್ಷದ ಸರ್ವಿಸಿದೆ. ತೊಂದರೆ ಇರುವುದು ರೇಚಕದಲ್ಲಿ. ಬಿಡಬೇಕೆಂದರೆ ಮೇಲಿನಿಂದ ಆದೇಶ ಬರಬೇಕು. “ಬಿಡ್ರಿ ಸರ, ಬಿಡ್ರಿ!” ಎಂದು ಮಾಸ್ತರರು ಕೂಗುತ್ತಲೇ ಇರುತ್ತಾರೆ.

ಗಂಗಾವತಿಯದು ಬೇರೆಯೇ ಲೋಕ. ತುಂಗಭದ್ರೆಯ ನೀರು, ಭತ್ತ, ರೈಸ್‌ಮಿಲ್ಲು, ಹೊಟ್ಟೆ. ಸಾವ್ಕಾರರು ಕಾರಿನಲ್ಲಿ ಬಂದು ಇಳಿಯುತ್ತಾರೆ. ಬರುವ ದಾರಿಯ ಗದ್ದೆಗಳಲ್ಲಿ ನಾಟಿ ಹಚ್ಚುವ ಹೆಣ್ಣುಮಕ್ಕಳು ಬಗ್ಗಿದ ಬೆನ್ನು ಎತ್ತದೆ ಕೆಸರಲ್ಲಿ ಹಿಂದೆ ಹಿಂದೆ ಸರಿಯುತ್ತಿರುತ್ತಾರೆ. ಅದೇ ಭತ್ತ ಕೊಳ್ಳುವವರು ಇಲ್ಲಿ ಬಂದು ಒಮ್ಮೆ ಬಗ್ಗಿ ತಮ್ಮ ಹೆಬ್ಬೆರಳು ಮುಟ್ಟಲು ತಿಂಗಳಿಗಿಷ್ಟು ಎಂದು ಫೀ ಕಟ್ಟುತ್ತಾರೆ. ಸರ್‌ಗೆ ಈ ಲೆಕ್ಕ ತಿಳಿಯದ್ದೇನಲ್ಲ. ಬಾಯಿ ಬಿಡುವುದಿಲ್ಲ, ಅಷ್ಟೇ. ಗಾಡಿ ನೀರಿನ ಮೇಲೆ ಓಡುವುದಿಲ್ಲವಲ್ಲ.

ಹುರಿದುಂಬಿಸಲು ಅವರ ಹತ್ತಿರ ಎರಡು ಕಥೆಗಳಿವೆ. ಒಂದು, ಕೋಲಾರದ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ಯರು ಎಂಬತ್ತು ದಾಟಿದ ಬೆಲ್ಜಿಯಂ ರಾಣಿಗೆ ಶೀರ್ಷಾಸನ ಮಾಡಿಸಿದ್ದು. ಸಾವ್ಕಾರರು ಕೇಳಿ ನಿಟ್ಟುಸಿರು ಬಿಟ್ಟರು. “ಆಕಿಗೇನ್ರಿ, ಭತ್ತದ ಧಾರಣಿ ಚಿಂತಿ ಇತ್ತೇನು?”

ಇನ್ನೊಂದು ಸ್ಥಳೀಯ. ಹೊಳೆಯಾಚೆ ಹಂಪಿ, ಈಚೆ ಆನೆಗೊಂದಿ. ಹೀಗಾಗಿ ಕೃಷ್ಣದೇವರಾಯ ಇವರಿಗೆ ನೆರೆಮನೆಯವನಿದ್ದಂತೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಅರಸನ ದಿನಚರಿ ಬರೆದಿಟ್ಟಿದ್ದಾನೆ: ನಸುಕಿಗೂ ಮುಂಚೆ ಎದ್ದು ಎಳ್ಳೆಣ್ಣೆ ಕುಡಿದು, ಮೈಗೂ ಬಳಿದುಕೊಂಡು, ಮಣ್ಣಿನ ಭಾರದ ಗುಂಡುಗಳನ್ನೆತ್ತಿ, ಎಣ್ಣೆಯೆಲ್ಲ ಬೆವರಾಗಿ ಹೋಗುವ ತನಕ ಕತ್ತಿ ಬೀಸಿ, ಮಲ್ಲರ ಜೊತೆ ಕುಸ್ತಿ ಹಿಡಿದು, ಬೆಳಕು ಹರಿಯುವವರೆಗೆ ಕುದುರೆ ಓಡಿಸುತ್ತಿದ್ದನಂತೆ. ಸರ್ ಇಷ್ಟನ್ನೂ ಅಭಿನಯಿಸಿ ತೋರಿಸಿ ಏದುಸಿರು ಬಿಡುತ್ತಾ ನಿಂತರು. ಹಿಂದಿನ ಸಾಲಿನ ಸಾವ್ಕಾರರೊಬ್ಬರಿಗೆ ಮೊದಲ ವಾಕ್ಯ ಮಾತ್ರ ನಾಟಿತ್ತು.

“ಅಂದ್ರ ಮಹಾರಾಜ್ರು ಎಣ್ಣಿ ಗಟಗಟ ಕುಡೀತಿದ್ರು. ನಾವು ಎರಡು ಮಿರ್ಚಿ ತಿಂದ್ರ ಬೈತೀರಲ್ರಿ?”

ಮಿರ್ಚಿಯ ವಿಷಯದಲ್ಲಿ ಈ ಜಿಲ್ಲೆಯಲ್ಲಿ ಯಾವ ಯೋಗಿಯೂ ಗೆದ್ದಿಲ್ಲ. ಗವಿಮಠದ ಜಾತ್ರೆಯಲ್ಲಿ ಲಕ್ಷಗಟ್ಟಲೆ ಮಿರ್ಚಿ ಪ್ರಸಾದವೇ ಆಗುವಾಗ, ಮಾಸ್ತರರ ಡಯಟ್ ಚಾರ್ಟನ್ನು ಕೇಳುವವರು ಯಾರು? ಅಂಜನಾದ್ರಿಯ 575 ಮೆಟ್ಟಿಲು ದಿನಾ ಹತ್ತಿ ಎಂದರೂ ಉತ್ತರ ಸಿದ್ಧ: “ಹನಮಪ್ಪಗ ಕೆಳಗಿಂದ ಕೈ ಮುಗದ್ರೂ ಕಾಣತೈತಿ ಬಿಡ್ರಿ.”

ಕುಷ್ಟಗಿಯಲ್ಲಿ ಮಕ್ಕಳ ಬ್ಯಾಚು. ಹೇಳಿಕೊಡುವ ಮೊದಲೇ ಚಕ್ರಾಸನ ಹಾಕಿ ನಡೆಯುವ ಮಕ್ಕಳು. ಅವರಿಗೆ ಕಲಿಸಿದ್ದು ಒಂದೇ, ಸಿಂಹಾಸನ. ನಾಲಿಗೆ ಹೊರಚಾಚಿ ಘರ್ಜಿಸುವುದು. ಈಗ ಮನೆಗೆ ಬಂದ ಬೀಗರೆದುರೂ ಅಭ್ಯಾಸ ನಡೆದಿದೆ ಎಂದು ತಾಯಂದಿರ ತಕರಾರು.

ಮದುವೆ ಮನೆಯಲ್ಲಿ ಸರ್ ಪಂಕ್ತಿಗೆ ಬಂದು ಕೂತರೆ ಅಕ್ಕಪಕ್ಕದವರ ಎಲೆಯಲ್ಲಿ ಜಿಲೇಬಿ ಪಲ್ಯದ ಮರೆಗೆ ಸರಿಯುತ್ತದೆ. ಕೈ ತೊಳೆಯುವಲ್ಲಿ ಹಿಡಿದು ನಿಲ್ಲಿಸಿ, “ಸರ, ಮೊಣಕಾಲಿಗೆ ಯಾವ ಆಸನ?” ಎಂದು ಕೇಳುವವರೂ ಅವರೇ. ಸರ್ ಅವರ ಸ್ವಂತ ಸೊಂಟ ಗಾಡಿಯ ಮೇಲೆ ನಾಲ್ಕು ಊರು ಸುತ್ತಿ ಏನಾಗಿದೆ ಎಂಬುದು ಮನೆಯವರಿಗೂ ಅಮೃತಾಂಜನದ ಡಬ್ಬಿಗೂ ಮಾತ್ರ ಗೊತ್ತು.

ಜೂನ್ 21 ಅವರ ಜಾತ್ರೆ. ಶಿಷ್ಟಾಚಾರದ ಯೋಗ 45 ನಿಮಿಷದ್ದು, ಭಾಷಣಗಳಿಗೆ ಅಂಥ ಮಿತಿಯಿಲ್ಲ. ಮುಂದಿನ ಸಾಲಿನ ಗಣ್ಯರು ವೃಕ್ಷಾಸನಕ್ಕೆ ಒಂಟಿ ಕಾಲಿನಲ್ಲಿ ನಿಂತು, ತೂಗಾಡಿ, ಕೊನೆಗೆ ಒಬ್ಬರ ಹೆಗಲು ಒಬ್ಬರು ಹಿಡಿಯುತ್ತಾರೆ. ಒಬ್ಬರು ಬಿದ್ದರೆ ಸಾಲಿಗೆ ಸಾಲೇ ಬೀಳಬೇಕು. ವರ್ಷದಲ್ಲಿ ಆ ಒಂದು ನಿಮಿಷ ನಮ್ಮಲ್ಲಿ ಯಾವ ಪಕ್ಷದವರೂ ಯಾರ ಕಾಲನ್ನೂ ಎಳೆಯುವುದಿಲ್ಲ.

ಆದರೆ ಸರ್ ನಿಜವಾಗಿ ಸೋತದ್ದು ಯಲಬುರ್ಗಾ ಸೀಮೆಯ ಒಂದು ಹಳ್ಳಿಯ ಅಜ್ಜಿಯರೆದುರು. ಗುಡಿಯ ಕಟ್ಟೆಯ ಮೇಲೆ ಕ್ಲಾಸು. ಅವತ್ತು ಚಕ್ಕಿ ಚಲನಾಸನ. ಕಾಲು ಅಗಲಿಸಿ ಕೂತು, ಎರಡೂ ಕೈ ಹೆಣೆದು, ಮೈಯನ್ನು ಗುಂಡಗೆ ತಿರುಗಿಸಬೇಕು. ಸರ್ ಮಾಡಿ ತೋರಿಸುತ್ತಿದ್ದಂತೆ ಅಜ್ಜಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಸೆರಗು ಸೊಂಟಕ್ಕೆ ಸಿಗಿಸಿ ಶುರುಮಾಡಿದರು. ಎಣಿಸುವವರ ನಾಲಿಗೆ ಒಣಗಿತು, ತಿರುಗುವವರು ನಿಲ್ಲಲಿಲ್ಲ. ಬಾಯಲ್ಲಿ ಬೀಸುವ ಪದ ಬೇರೆ. ಉಸಿರು ಎಲ್ಲಿ ಎಳೆಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಹಾಡೇ ನೋಡಿಕೊಳ್ಳುತ್ತಿತ್ತು.

“ಸಾಕು ಯವ್ವಾ, ಈಗ ಉಲ್ಟಾ ತಿರುಗಿಸ್ರಿ.”

“ಉಲ್ಟಾ ಯಾಕೋ ತಮ್ಮಾ? ಹಿಂದಕ ತಿರುಗಿಸಿದ್ರ ಹಿಟ್ಟು ಬೀಳಂಗಿಲ್ಲ.”

“ಇದು ಹಿಟ್ಟಿಗಲ್ಲವ್ವಾ, ಆರೋಗ್ಯಕ್ಕ.”

ಹಿರಿಯಜ್ಜಿ ತಿರುಗುವುದನ್ನು ನಿಲ್ಲಿಸಿ ಅವರನ್ನು ದಿಟ್ಟಿಸಿದಳು. “ಜೋಳ ಇಲ್ಲ, ಕಲ್ಲಿಲ್ಲ, ಹಿಟ್ಟಿಲ್ಲ. ಆವಾಗ ಬೀಸಿದ್ರ ನಮಗ ಸೇರು ಕಾಳು ಕೂಲಿ ಕೊಡ್ತಿದ್ರು. ನೀ ನಮ್ಮ ಕೈಲಿಂದನ ಬೀಸಿಸಿ, ನಮ್ಮ ಕಡೆನ ರೊಕ್ಕ ಕೇಳ್ತೀಯಲ್ಲೋ?”

ಅಂದಿನಿಂದ ಅಲ್ಲಿ ಫೀ ಇಲ್ಲ. ಬದಲಿಗೆ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೇಲೆ ಗಟ್ಟಿ ಮೊಸರು. ಊಟವಾದ ಮೇಲೂ ಮಾಡಬಹುದಾದ ಆಸನವೆಂದರೆ ವಜ್ರಾಸನ. ಸರ್ ಅದೇ ಕಟ್ಟೆಯ ಮೇಲೆ ಅರ್ಧ ತಾಸು ಅದರಲ್ಲೇ ಕೂರುತ್ತಾರೆ. ಅಜ್ಜಿಯರು ಮ್ಯಾಟುಗಳನ್ನು ಝಾಡಿಸಿ, ಸುರುಳಿ ಸುತ್ತಿ, ಗಾಡಿಗೆ ಕಟ್ಟುತ್ತಾರೆ.